ಪೆಟ್ಟಿಗೆಯಲ್ಲಿ ಇಲ್ಲದ ಸ್ಪ್ಯಾನರ್

ಅತ್ತೆಯವರಿಗೆ ನಮಸ್ಕಾರ.

ಲಕ್ವ ಹೊಡೆದ ಎಡಗೈಯಲ್ಲಿ ಲೋಟ ಹಿಡಿಯಲು ಮಾವನವರು ಇನ್ನೂ ಪರದಾಡುತ್ತಾರೆಂದು ನಿಮ್ಮ ಮಗಳು ಹೇಳಿದಳು. "ಅಳಿಯ ರಿಪೇರಿ ಮಾಡೋ ಹೆಲಿಕಾಪ್ಟರು ಊರಿಗೆಲ್ಲ ಹಾರತ್ತೆ, ನಮ್ಮನೆ ದಾರಿ ಮಾತ್ರ ಗೊತ್ತಿಲ್ಲ" ಅಂದಿರಂತೆ. ನ್ಯಾಯವಾದ ಮಾತು.

ಮಾವನವರಿಗೆ ಲಕ್ವ ಹೊಡೆದ ದಿನ, ರೋಗಿಗಳನ್ನು ಆಸ್ಪತ್ರೆಗೆ ತರುವ ಆ ಹೆಲಿಕಾಪ್ಟರನ್ನು ನಿಲ್ಲಿಸಿದವನು ನಾನೇ. ಪ್ರತಿ ರಿಪೇರಿಯ ನಂತರ ಹತಾರದ ಪೆಟ್ಟಿಗೆಯ ಸಾಮಾನು ಎಣಿಸುತ್ತೇವೆ. ಒಂದು ಕಮ್ಮಿಯಾದರೂ, ಅದು ಸಿಗುವವರೆಗೆ ಹೆಲಿಕಾಪ್ಟರ್ ಏಳುವಂತಿಲ್ಲ. ನನ್ನ ಪೆಟ್ಟಿಗೆಯಲ್ಲಿ ದೊಡ್ಡ ಸ್ಪ್ಯಾನರ್ ಇರಲಿಲ್ಲ. ಹುಡುಕುತ್ತಿರುವಾಗಲೇ ಕರೆ ಬಂತು. ರೋಗಿ ಯಾರೆಂದೂ ಗೊತ್ತಾಯಿತು. ಇನ್ನೊಂದು ಹೆಲಿಕಾಪ್ಟರ್ ಆಗಲೇ ಬೇರೆ ಕಡೆ ಹೋಗಿತ್ತು. ಪೈಲಟ್ ನನ್ನ ಮುಖ ನೋಡಿ, "ಏನ್ ಮಾಡೋಣ, ನೀನೇ ಹೇಳಪ್ಪಾ" ಅಂದ. "ರಸ್ತೆ ಮೇಲೇ ಕರ್ಕೊಂಡು ಬರ್ಲಿ" ಅಂದೆ. ನೀವು ಆಸ್ಪತ್ರೆಗೆ ಬರಲು ಮೂರು ಗಂಟೆ ಹಿಡಿಯಿತು.

ಸಂಜೆ ಸ್ಪ್ಯಾನರ್ ಸಿಕ್ಕಿದ್ದು ಪೈಲಟ್ ಕಾಲಿಡುವ ಪೆಡಲಿನ ಹಿಂದೆ. ಹಾರಿದ್ದರೆ ಪೆಡಲ್ ಕಚ್ಚಿಕೊಂಡು ಹೆಲಿಕಾಪ್ಟರ್ ಹಿಡಿತ ತಪ್ಪುತ್ತಿತ್ತು. ಅದನ್ನು ಅಲ್ಲಿ ಮರೆತವನೂ ನಾನೇ. ಇದನ್ನು ನಿಮ್ಮ ಮಗಳಿಗಿನ್ನೂ ಹೇಳಿಲ್ಲ.

ಪೆಟ್ಟಿಗೆಗೆ ಹೊಸ ಸ್ಪ್ಯಾನರ್ ಬಂದಿದೆ. ಹಳೆಯದನ್ನು ಕೇಳಿ ಪಡೆದೆ. ಮಾವನವರು ಕೈಯಲ್ಲಿ ಹಿಡಿದು ಎತ್ತಿ ಇಳಿಸಲು ಭಾರದ್ದೇನಾದರೂ ಬೇಕೆಂದು ಡಾಕ್ಟರು ಹೇಳಿದ್ದರಂತೆ. ಆ ಹಳೆಯ ಸ್ಪ್ಯಾನರನ್ನೇ ಈ ಪತ್ರದ ಜೊತೆ ಕಳಿಸಿದ್ದೇನೆ. ವ್ಯಾಯಾಮ ಮುಗಿದ ಮೇಲೆ ಅದನ್ನು ಎಲ್ಲಿಟ್ಟರೆಂದು ದಿನವೂ ಒಮ್ಮೆ ನೋಡಿಕೊಳ್ಳಿ.

ನಿಮ್ಮ ಅಳಿಯ