ಕೋಣ ಎಂದು ಕೂಗಿದವರು

ವಾಳಪೈ, ಗೋವಾ
ಶನಿವಾರ, 13 ಡಿಸೆಂಬರ್ 2008

ಪ್ರೀತಿಯ ಅವ್ವಾ,

ನಿನ್ನ ಹುಲಿಗಿಯ ನಮಸ್ಕಾರ. ಮೊಣಕಾಲಿನ ಬಾವು ಇಳಿಯಿತೇ? ಕುವೈತಿನಲ್ಲೂ ಚಳಿ ಬೀಳುತ್ತದೆ ಎಂದು ಹೋದ ಸಲ ಫೋನಿನಲ್ಲಿ ನೀನು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ, ಆದರೆ ನಿನ್ನ ದನಿ ಕಟ್ಟಿತ್ತು. ಮೇಡಂ ಮನೆಯ ಮೆಟ್ಟಿಲು ಒರೆಸುವಾಗ ಮೊಣಕಾಲ ಕೆಳಗೆ ಮಡಿಚಿದ ಬಟ್ಟೆ ಹಾಕಿಕೋ. ಅಪ್ಪ ಕುಡಚಡೆಯಿಂದ ಹೋದ ಭಾನುವಾರ ಬಂದಿದ್ದ. ಅದಿರಿನ ಧೂಳಿಗೆ ಅವನ ಮೀಸೆ ಕೆಂಪಾಗಿದೆ. ಕೆಮ್ಮು ಅಷ್ಟಿಲ್ಲ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀಯೆಂದು ದೊಡ್ಡದಾಗಿ ಬರೆಯುತ್ತಿದ್ದೇನೆ, ಹಾಳೆ ಜಾಸ್ತಿಯಾಗುತ್ತವೆ, ಬೈಯಬೇಡ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಇರುವುದು ನಾನು ಕೆಲಸಕ್ಕಿರುವ ಚನ್ನಬಸಯ್ಯನವರ ಅಂಗಡಿಯಲ್ಲಿ, ಅವರು ಪಕ್ಕದಲ್ಲೇ ಕುಳಿತು ಹಗ್ಗ ಸುತ್ತುತ್ತಿರುತ್ತಾರೆ. ಅವರ ಮುಂದೆ ನನ್ನ ಬಾಯಿಂದ ಹಾಂ, ಹೂಂ ಬಿಟ್ಟು ಬೇರೇನೂ ಬರುವುದಿಲ್ಲ, ನಿನಗೆ ಗೊತ್ತಿದೆ. "ಹೆಸರಿನಾಗ ಹುಲಿ ಐತಿ, ಎದಿಯಾಗ ಮೊಲಾ ಕುಂತೈತಿ" ಎಂದು ಅವರು ಗಿರಾಕಿಗಳ ಎದುರಿಗೇ ನಗುತ್ತಾರೆ. ನಾನೂ ನಗುತ್ತೇನೆ. ಅವ್ವಾ, ಈಗ ಆ ಮೊಲ ಹಗಲೆಲ್ಲ ನಡುಗುತ್ತಿದೆ. ಯಾಕೆ ಎಂದು ಮೊದಲಿನಿಂದ ಹೇಳುತ್ತೇನೆ.

ಚನ್ನಬಸಯ್ಯನವರ ಮಗ ಚನ್ನು ಕಾಡಿನಲ್ಲಿ ಐದು ದಿನ ನಡೆಯುವ ಒಂದು ದಾರಿ ಮಾಡಬೇಕೆಂದು ಮಳೆಗಾಲದಿಂದ ಹಟ ಹಿಡಿದಿದ್ದಾನೆ. ವಾಳಪೈ ಹಿಂದಿನ ಕಾಡಿನಿಂದ ಹೊರಟು, ಘಟ್ಟದ ಮಗ್ಗುಲು ಹಿಡಿದು, ಮೊಲೆಮ್ ಹತ್ತಿರ ಇಳಿಯುವುದು. ನಮ್ಮ ಓಣಿಯ ಖುರ್ಷಿದಾಬೇಗಂ ಟೀಚರ್ ಹನ್ನೆರಡು ಹೆಂಗಸರನ್ನು ಕೂಡಿಸಿದ್ದಾರೆ. ಹೆಚ್ಚಿನವರು ಶಾಲೆಯವರು, ಇಬ್ಬರು ಮಡ್ಕಯಿ ಫ್ಯಾಕ್ಟರಿಯ ಆಫೀಸಿನವರು. ಹೆಂಗಸರೇ ಇರುವುದರಿಂದ ದಾರಿ ಬಲ್ಲ ಹೆಂಗಸೇ ಬೇಕು ಎಂದರು. ಟೀಚರ್ ಧಾರವಾಡದವರು, ನನ್ನೊಂದಿಗೆ ಕನ್ನಡದಲ್ಲಿ ಮಾತಾಡಬಹುದೆಂದು ಅವರಿಗೆ ಖುಷಿ. ಚನ್ನು ಅಂದ, "ಭಾಗವ್ವನ ಮಗಳು ಅದಾಳಲ್ಲ. ಸೀಗಿಕಾಯಿ, ಕಟ್ಟಿಗಿ ಅಂತ ಏಳು ವರ್ಷ ಅವ್ವನ ಸೆರಗ ಹಿಡಕೊಂಡು ಆ ಗುಡ್ಡಾ ಎಲ್ಲಾ ತಿರಗ್ಯಾಳ." ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ.

ಸಕ್ಕರೆ ಚೀಲದ ಮೇಲೆ ನಕ್ಷೆ ಹಾಸಿ ಚನ್ನು ದಾರದಿಂದ ದೂರ ಅಳೆದ. ಗೆರೆ ಒತ್ತೊತ್ತಾಗಿದ್ದರೆ ಏರು, ದೂರ ದೂರ ಇದ್ದರೆ ಬಯಲು ಎಂದು ತೋರಿಸಿದ. ನಾಲ್ಕನೆಯ ಇಯತ್ತೆಯವರೆಗೆ ಓದಿದ ನನಗೆ ಅದು ಬೇಗ ತಿಳಿಯಿತು ಎಂದು ಅವನಿಗೆ ಆಶ್ಚರ್ಯ. ಆದರೆ ನಕ್ಷೆಯಲ್ಲಿ ನೀಲಿ ಗೆರೆ ಇದ್ದಲ್ಲೆಲ್ಲ ಅವನು ಮುಕ್ಕಾಮು ಹಾಕಿದ್ದ. ಎರಡನೆಯ ದಿನದ ಹಳ್ಳದಲ್ಲಿ ಜನವರಿಗೆ ಬರೀ ಕಲ್ಲು ಇರುತ್ತವೆ, ನೀರು ಸಿಗುವುದು ಅದರ ಬಲಕ್ಕೆ, ಎಮ್ಮೆ ಮೇಯುವ ಮಾಳದ ಬುಡದಲ್ಲಿ ಮಾತ್ರ. ಇದನ್ನು ಹೇಳಬೇಕೆಂದು ಎರಡು ದಿನ ಒದ್ದಾಡಿದೆ. ಕಡೆಗೆ ಬಾಯಿ ಬಿಡದೆ, ಪೆನ್ಸಿಲ್ ತೆಗೆದುಕೊಂಡು ಅಲ್ಲೊಂದು ಬಿಂದಿಗೆಯ ಚಿತ್ರ ಬರೆದೆ. ಟೀಚರ್ ಅದನ್ನು ನೋಡಿ "ಇಕಿನ್ನ ಕರಕೊಂಡು ಹೋಗಲಿಲ್ಲಂದ್ರ ನಾವೆಲ್ಲಾ ನಾಲಿಗಿ ಒಣಗಿ ಸಾಯ್ತೀವಿ" ಎಂದರು. ಅವತ್ತು ಮನೆಗೆ ಬರುವಾಗ ಎಷ್ಟು ಹಗುರವಾಗಿದ್ದೆ ಎಂದರೆ ನಾನೇ ನಾನಾ ಎಂದು ಅನುಮಾನ ಬಂತು.

ಹೆಂಗಸರನ್ನು ಕರೆದೊಯ್ಯುವ ಮೊದಲು ಟೀಚರ್, ಚನ್ನು, ನಾನು ಮೂವರೇ ಒಂದು ಸಲ ನಡೆದು ನೋಡಬೇಕೆಂದು ಹೋದ ಮಂಗಳವಾರ ಹೊರಟೆವು. ಮೊದಲ ದಿನ ಏನೂ ತೊಂದರೆ ಇಲ್ಲ. "ಏರುವಾಗ ನೀರಿನ ಸಪ್ಪಳ ಬಲಗಿವಿಗಿರಲಿ, ಇಳಿಯುವಾಗ ಎಡಗಿವಿಗಿರಲಿ, ಎರಡೂ ಕಿವಿಗೆ ಬಂದ್ರ ಹೆಜ್ಜಿ ಕಿತ್ತಬ್ಯಾಡ" ಎಂದು ನೀನು ಹೇಳುತ್ತಿದ್ದೆಯಲ್ಲ, ಅದನ್ನು ಹೇಳಿಕೊಂಡೇ ನಡೆದೆ. ಚನ್ನುವಿನ ಕೈಯಲ್ಲಿ ದಾರಿ ತೋರಿಸುವ ಯಂತ್ರವಿತ್ತು. ಮರಗಳ ಕೆಳಗೆ ಅದು ಸುಮ್ಮನಾದಾಗಲೆಲ್ಲ ಅವನು ನನ್ನ ಕಿವಿ ನೋಡುತ್ತಿದ್ದ.

ಎರಡನೆಯ ದಿನ ಬೆಳಿಗ್ಗೆ ದಾರಿಯ ಮೇಲೆ ಕಾಡುಕೋಣದ ಸಗಣಿ ಕಂಡೆ. ಇನ್ನೂ ಹಬೆಯಾಡುತ್ತಿತ್ತು. ಅದರ ಗೊರಸಿನ ಗುರುತಿನಲ್ಲಿ ನನ್ನ ಅಂಗೈ ಇಟ್ಟರೆ ಒಳಗೇ ಮುಳುಗುತ್ತಿತ್ತು. ಅಲ್ಲಿಂದ ಎಲೆ ಉದುರಿದರೂ ಕೋಣ ಬಂತು ಎನ್ನಿಸುತ್ತಿತ್ತು. ಟೀಚರ್‌ಗೆ ಹೇಳಲಿಲ್ಲ. ಮುಂದಿನ ಕಣಿವೆ ನೋಡಿ ಬರುತ್ತೇನೆ ಎಂದು ಚನ್ನು ಹೋದ. ಎಮ್ಮೆಯ ಮಾಳದ ಕೆಳಗೆ ನಾವಿಬ್ಬರೇ ಉಳಿದೆವು. ಮಂಜು ಇನ್ನೂ ಎದ್ದಿರಲಿಲ್ಲ, ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಆಗ ಮೇಲಿನ ಪೊದೆಯಲ್ಲಿ ಕೊಂಬೆ ಮುರಿದ ಸದ್ದು. ಅದರ ಹಿಂದೆಯೇ ಯಾರೋ ಗಂಟಲು ಹರಿಯುವಂತೆ ಕೂಗಿದರು: "ಕೋಣ! ಕೋಣ ರೇ! ಕೋಣ!"

ಅವ್ವಾ, ನಾವು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಯವರ ಬಾಯಲ್ಲಿ ಕೋಣ ಎಂದರೆ ಯಾರು ಎಂದು ಅರ್ಥ. ದಿನಕ್ಕೆ ಹತ್ತು ಸಲ ಅಂಗಡಿಯಲ್ಲಿ ನಾನೇ ಕೇಳುತ್ತೇನೆ, ಕೋಣ ಆಯಿಲೊ, ಯಾರು ಬಂದರು ಎಂದು. ಕಾಡಿನ ಆ ಪ್ರಾಣಿಗೆ ಇವರು ಗವೊರೆಡೊ ಅನ್ನುತ್ತಾರೆ, ಕೋಣ ಎಂದು ಯಾವತ್ತೂ ಅನ್ನುವುದಿಲ್ಲ. ಎಲ್ಲ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ಕಿವಿ ಹುನಗುಂದದ ಅಜ್ಜಿಯ ಮನೆಗೆ ಓಡಿಹೋಗಿತ್ತು. ಹೆದರಿದವರ ಕಿವಿಗೆ ಒಂದೇ ಭಾಷೆ ಕೇಳಿಸುತ್ತದೆ ಎಂದು ಕಾಣುತ್ತದೆ. "ಓಡ್ರಿ ಟೀಚರ್, ಕ್ವಾಣ ಬಂತು!" ಎಂದು ಅವರ ಕೈ ಹಿಡಿದು ಕೆಳಗೆ ಎಳೆದುಕೊಂಡು ಓಡಿದೆ. ದಾರಿ ಬಿಟ್ಟೆ, ನೀರಿನ ಸದ್ದು ಬಿಟ್ಟೆ. ಮುಳ್ಳಿಗೆ ಟೀಚರ್ ಓಢಣಿ ಸಿಕ್ಕಿ ಹರಿಯಿತು. ಒಂದು ಬೇರಿಗೆ ಎಡವಿ ಅವರು ಬಿದ್ದಾಗ ಕಾಲಿನಿಂದ ಬಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆಮೇಲೆ ಎಲ್ಲವೂ ಸುಮ್ಮನಾಯಿತು. ಕಾಡು ಸುಮ್ಮನಿದ್ದರೆ ಎಷ್ಟು ಭಯ ಎಂದು ನಿನ್ನ ಜೊತೆ ಇದ್ದಾಗ ನನಗೆ ಗೊತ್ತೇ ಆಗಿರಲಿಲ್ಲ, ಯಾಕೆಂದರೆ ನೀನು ಮಾತಾಡುತ್ತಲೇ ಇರುತ್ತಿದ್ದೆ. ಎರಡೂ ಕಿವಿಯಲ್ಲಿ ನೀರಿಲ್ಲ. ಎತ್ತ ನೋಡಿದರೂ ಒಂದೇ ತರಹದ ಮರ. ಟೀಚರ್ ಹಲ್ಲು ಕಚ್ಚಿ ಕುಳಿತಿದ್ದರು, ನನ್ನ ಬೆನ್ನು ಸವರಿ "ನನ್ನ ಜೀವಾ ಉಳಿಸಿದಿ, ತಂಗಿ" ಎಂದರು. ನೀರು ಹುಡುಕಿ ತರುತ್ತೇನೆ ಎಂದು ಅವರನ್ನು ಮರಕ್ಕೆ ಒರಗಿಸಿ ಹೊರಟೆ. ಪ್ರತಿ ಇಪ್ಪತ್ತು ಹೆಜ್ಜೆಗೆ ನಿಂತು, ಅವರು ಕಾಣುತ್ತಾರೆಯೇ ಎಂದು ತಿರುಗಿ ನೋಡಿ, ಕೊಂಬೆ ಮುರಿದಿಟ್ಟು ಮತ್ತೆ ನಡೆದೆ. ಅವರು ಕಾಣದಂತಾದ ಮೇಲೆ ಕೊಂಬೆಗಳನ್ನಷ್ಟೇ ನಂಬಿದೆ.

ಅಲ್ಲಿ ಸಿಕ್ಕವಳು ರೂಪಿಬಾಯಿ. ಎಮ್ಮೆ ಸಾಕುವ ಗವಳಿ ಮುದುಕಿ, ಕೈಯಲ್ಲಿ ಕುಡುಗೋಲು. ನನ್ನನ್ನು ಕಂಡವಳೇ ರೇಗಿದಳು. ಹೆಜ್ಜೆ ಸಪ್ಪಳ ಕೇಳಿ, ಎಮ್ಮೆ ಕದಿಯುವವರು ಬಂದರೋ ಏನೋ ಎಂದು ಕೋಣ, ಕೋಣ ಎಂದು ಬಾಯಿ ಹರಿದುಕೊಂಡರೂ ಒಬ್ಬರೂ ಉತ್ತರ ಕೊಡಲಿಲ್ಲವಂತೆ. ನಾನು ಅಲ್ಲೇ ಕುಳಿತೆ. ನಾನು ಕೇಳಿಸಿಕೊಂಡದ್ದು ಏನು ಎಂದು ಹೇಳಿದಾಗ ಅವಳು ಸೊಂಟ ಹಿಡಿದುಕೊಂಡು ನಕ್ಕಳು. ಟೀಚರ್‌ಗೆ ಹೇಳಬೇಡ ಬಾಯಿ ಎಂದು ಅವಳ ಕೈ ಹಿಡಿದು ಅತ್ತೆ. ನಗು ನಿಲ್ಲಿಸಿದಳು. ಟೀಚರ್ ಇದ್ದಲ್ಲಿಗೆ ಬಂದು ಕಾಲು ಒತ್ತಿ ನೋಡಿ, ಸೊಪ್ಪು ಅರೆದು ಕಟ್ಟಿ, ನನಗೆ ಮಾತ್ರ ಕೇಳುವಂತೆ "ತಿಚಾ ಪಾಯ್ ಮೋಡ್ಲಾ ನಾಯ್, ತುಜೀ ಜೀಭ್ ಮೋಡ್ಲೀ" ಎಂದಳು. ಅವಳ ಕಾಲು ಮುರಿದಿಲ್ಲ, ನಿನ್ನ ನಾಲಿಗೆ ಮುರಿದಿದೆ ಎಂದು. ಅಷ್ಟೇ. ಚನ್ನು ಸೀಟಿ ಊದುತ್ತ ಹುಡುಕಿಕೊಂಡು ಬಂದಾಗ ಅವಳು ಆಗಲೇ ಎಮ್ಮೆಯ ಹಿಂದೆ ಹೋಗಿದ್ದಳು. ಟೀಚರ್‌ಗೆ ಇಬ್ಬರೂ ಹೆಗಲು ಕೊಟ್ಟು ಅಲ್ಲಿಂದಲೇ ಊರಿಗೆ ತಿರುಗಿದೆವು.

ಕಥೆ ಹೇಳಿದವರು ಟೀಚರ್, ನಾನಲ್ಲ. ಆದರೆ ಅವರು ಹೇಳುವಾಗ ನಾನು ಸುಮ್ಮನಿದ್ದೆ. ಊರಿಗೆ ಬರುವಷ್ಟರಲ್ಲಿ ಕೋಣಕ್ಕೆ ಕೊಂಬು ಬೆಳೆದಿದ್ದವು, ಕಣ್ಣು ಕೆಂಪಾಗಿದ್ದವು. ಚನ್ನಬಸಯ್ಯನವರು ಈಗ ಮೊಲದ ಮಾತೇ ಎತ್ತುವುದಿಲ್ಲ. ಗಿರಾಕಿಗಳಿಗೆ ನನ್ನನ್ನು ತೋರಿಸಿ "ನೋಡ್ರಿ, ಇಕೀನ ಆ ಹುಲಿ" ಎನ್ನುತ್ತಾರೆ, ಹೊಸ ಕ್ಯಾನ್ವಾಸ್ ಬೂಟು ಕೊಟ್ಟಿದ್ದಾರೆ. ಹನ್ನೆರಡು ಹೆಂಗಸರೂ ಹುಲಿಗೆಮ್ಮ ಮುಂದಿದ್ದರೆ ಮಾತ್ರ ಬರುತ್ತೇವೆ ಎಂದಿದ್ದಾರಂತೆ. ನನ್ನನ್ನು ಇಷ್ಟು ಜನ ಇಷ್ಟು ಒಳ್ಳೆಯ ಕಣ್ಣಿನಿಂದ ಯಾವತ್ತೂ ನೋಡಿರಲಿಲ್ಲ, ಅವ್ವಾ. ಅದಕ್ಕೇ ಬಾಯಿ ಕಟ್ಟಿತು. ಬೂಟು ಹಿಮ್ಮಡಿಯನ್ನು ತಿನ್ನುತ್ತಿದೆ, ಆದರೂ ಹಾಕಿಕೊಂಡು ತಿರುಗುತ್ತೇನೆ.

ಇಷ್ಟೇ ಆಗಿದ್ದರೆ ನಾನು ನಿನಗೆ ಬರೆಯುತ್ತಿರಲಿಲ್ಲ. ನಿನ್ನೆ ಚನ್ನು ನಕ್ಷೆಯಲ್ಲಿ ಎಮ್ಮೆಯ ಮಾಳದ ಮೇಲೆ ಕೆಂಪು ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದ. ಕೋಣ ಇರುವ ಜಾಗ, ಅಲ್ಲಿ ಹೆಂಗಸರನ್ನು ಒಯ್ಯುವುದು ಬೇಡ ಎಂದು. ಎರಡನೆಯ ದಿನದ ದಾರಿಯನ್ನು ಎಡಕ್ಕೆ ತಿರುಗಿಸಿದ್ದಾನೆ. ಎಲ್ಲಿಗೆ ಗೊತ್ತೇ? ಬಾಳಮ್ಮನ ಜಾರುಬಂಡೆಗೆ. ಆ ದಸರೆಯ ಇಬ್ಬನಿಯಲ್ಲಿ ಕಟ್ಟಿಗೆ ಹೊರೆಯ ಸಮೇತ ಬಾಳಮ್ಮ ಚಿಗವ್ವ ಜಾರಿದ್ದು, ನೀನು ಅವಳ ಸೆರಗು ಹಿಡಿದಿದ್ದು, ಸೆರಗಿನ ತುಂಡು ಮಾತ್ರ ನಿನ್ನ ಕೈಯಲ್ಲಿ ಉಳಿದಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. "ಸತ್ತರೂ ಈ ಬಂಡಿ ಮ್ಯಾಲೆ ಕಾಲಿಡಬ್ಯಾಡ" ಎಂದು ನೀನು ನನ್ನಿಂದ ಆಣೆ ಮಾಡಿಸಿದ್ದೆ. ಜನವರಿಯಲ್ಲೂ ಅಲ್ಲಿ ಹತ್ತು ಗಂಟೆಯವರೆಗೆ ಪಾಚಿ ಒದ್ದೆಯಾಗಿರುತ್ತದೆ. ಆ ಕಡೆ ನೀರೂ ಇಲ್ಲ.

ಧೈರ್ಯ ಮಾಡಿ ಚನ್ನುವಿಗೆ ಬಾಳಮ್ಮನ ಸುದ್ದಿ ಹೇಳಿದೆ. ಅವನು ತಲೆಯಾಡಿಸಿ "ಖರೇ, ಗೆರಿ ಒತ್ತೊತ್ತಾಗಿ ಅದಾವು. ಆದ್ರ ಕ್ವಾಣ ಹಾಯೂದಕ್ಕಿಂತ ಬಂಡಿ ಚಲೋ ಅಲ್ಲೇನು? ಹಗ್ಗಾ ಕಟ್ಟೋಣ, ನಮ್ಮ ಅಂಗಡ್ಯಾಗ ಹಗ್ಗಕ್ಕ ಬರಾ ಐತೇನು?" ಎಂದ. ಕೋಣ ಇರಲೇ ಇಲ್ಲ ಎಂದು ಹೇಳದೆ ಅವನ ಬಾಯಿ ಮುಚ್ಚಿಸುವ ದಾರಿ ನನಗಿಲ್ಲ. ಸೋಮವಾರ ನಕ್ಷೆಯನ್ನು ಫಾರೆಸ್ಟಿನವರಿಗೆ ಕೊಡುತ್ತಾರೆ. ಅವರು ಶಿಕ್ಕಾ ಹೊಡೆದ ಮೇಲೆ ಆ ಗೆರೆ ಬಿಟ್ಟು ಒಂದು ಹೆಜ್ಜೆಯೂ ಆಚೀಚೆ ಹೋಗುವ ಹಾಗಿಲ್ಲವಂತೆ. ಜನವರಿ ಏಳಕ್ಕೆ ಹೊರಡುವುದು. ಕಣ್ಣು ಮುಚ್ಚಿದರೆ ಹನ್ನೆರಡು ಸೆರಗುಗಳು ಕಾಣುತ್ತವೆ, ನನಗೆ ಇರುವುದು ಎರಡೇ ಕೈ.

ಹೇಳಿದರೆ ಎಲ್ಲರೂ ನಗುತ್ತಾರೆ. ಟೀಚರ್ ಕಾಲು ನನ್ನಿಂದ ಉಳುಕಿದ್ದು ಎಂದು ತಿಳಿಯುತ್ತದೆ. ಬೂಟು ವಾಪಸು ಕೊಡಬೇಕು, ದಾರಿ ತೋರಿಸುವ ಕೆಲಸ ಹೋಗುತ್ತದೆ, ಮತ್ತೆ ಅಂಗಡಿಯ ಮೂಲೆಯಲ್ಲಿ ಬೇಳೆ ಆರಿಸುತ್ತ ಕೂರಬೇಕು. ಏನು ಮಾಡಲಿ ಎಂದು ನಿನ್ನನ್ನೇ ಕೇಳೋಣವೆಂದು ಕುಳಿತೆ. ಆದರೆ ಈ ಪತ್ರ ನಿನ್ನ ಕೈ ಸೇರಲು ಹನ್ನೆರಡು ದಿನ ಬೇಕು, ಸೋಮವಾರಕ್ಕೆ ಎರಡೇ ದಿನ ಇದೆ. ನೀನು ಏನು ಹೇಳುತ್ತೀ ಎಂಬುದು ನನಗೆ ಗೊತ್ತು. ಗೊತ್ತಿರುವುದೇ ದೊಡ್ಡ ಭಯವಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೋ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು,
ಹುಲಿಗೆಮ್ಮ

ತಾ.ಕ.: ಅವ್ವಾ, ಅವಸರದಲ್ಲಿ ಬರೆಯುತ್ತಿದ್ದೇನೆ. ಕುವೈತಿನ ವಿಳಾಸ ಇಂಗ್ಲಿಷಿನಲ್ಲಿ ಬರೆಯಲು ನನಗೆ ಬರುವುದಿಲ್ಲವಲ್ಲ, ಪ್ರತಿ ಸಲ ಬರೆದುಕೊಡುವವರು ಟೀಚರ್. ಪಾಕೀಟು ಅಂಟಿಸದೆ ಅವರ ಮನೆಗೆ ತಂದೆ. ಬಾಯಿಯಿಂದ ಹೇಳಲು ಆಗಲಿಲ್ಲ. "ಮೊದಲ ಇದನ್ನ ಓದ್ರಿ" ಎಂದು ಹಾಳೆಗಳನ್ನೇ ಕೈಗಿಟ್ಟೆ. ಅವರು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಓದುತ್ತಿದ್ದಾರೆ, ನಾನು ಅವರ ವಹಿಯ ಹಾಳೆಯಲ್ಲಿ ಇದನ್ನು ಬರೆಯುತ್ತ ಕುಳಿತಿದ್ದೇನೆ. ಓಡಿಹೋಗಬಾರದೆಂದು ಬೂಟು ಬಿಚ್ಚಿಟ್ಟಿದ್ದೇನೆ. ಈಗ ತಲೆ ಎತ್ತಿದರು. ನಗಲಿಲ್ಲ, ಬೈಯಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, ಇಲ್ಲಿಯವರ ಹಾಗೆ, "ಕೋಣ?" ಎಂದು ಕೇಳಿದರು. ಈ ಸಲ ಸರಿಯಾಗಿ ಕೇಳಿಸಿತು. "ನಾನ್ರೀ ಟೀಚರ್" ಎಂದೆ. ನಕ್ಷೆ ತೆಗೆದುಕೊಂಡು ಬಾ ಎಂದು ಚನ್ನುವಿಗೆ ಫೋನು ಮಾಡಿದ್ದಾರೆ. ಓಣಿಯಲ್ಲಿ ಅವನ ಹೆಜ್ಜೆ ಕೇಳುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಕೂಡಿಸಿಕೊಂಡು ಓದು. ವಿಳಾಸ ಬರೆಯಲು ಟೀಚರ್ ಪೆನ್ನು ಕೇಳುತ್ತಿದ್ದಾರೆ, ಕೊಡಬೇಕು.