ಎರಡು ಬಕೆಟ್ಟುಗಳ ನಡುವಿನ ನೀರು

ಪಂಗಾಯಿ, ಹಾಪೈ, ಟೋಂಗಾ
ಗುರುವಾರ, ಜೂನ್ ೧೨

ಪ್ರೀತಿಯ ಅಪ್ಪಾ,

ನಿಮ್ಮ ಸೊಂಟನೋವು ಹೇಗಿದೆ? ಏಣಿ ಹತ್ತಿ ಕಿತ್ತಳೆ ಕೀಳುವಾಗ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಳ್ಳಬೇಡಿ ಎಂದು ಅಮ್ಮ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಆಸ್ಟ್ರೇಲಿಯಾದಲ್ಲಿ ಈಗ ಚಳಿಯಂತೆ, ಕಾಲುಚೀಲ ಹಾಕಿಕೊಂಡೇ ಮಲಗಿ. ನಾವೆಲ್ಲ ಕ್ಷೇಮ. ದೊಡ್ಡ ಹಂದಿ ಏಳು ಮರಿ ಹಾಕಿದೆ. ಅದರಲ್ಲೊಂದು ಥೇಟ್ ನಮ್ಮ ಪಾದ್ರಿಗಳ ಹಾಗೆಯೇ ನಡೆಯುತ್ತದೆ, ಇದನ್ನು ಯಾರಿಗೂ ಹೇಳಬೇಡಿ. ಫೋನಿರುವಾಗ ಕಾಗದ ಯಾಕೆ ಅಂದುಕೊಂಡಿರಬಹುದು. ಫೋನು ಈಗ ಲೂಸಿಯಾನೆ ಅತ್ತೆಯ ಮಡಿಲು ಬಿಟ್ಟು ಇಳಿಯುವುದೇ ಇಲ್ಲ. ಪಕ್ಕದ ಮನೆಯ ವೈನಿಕೋಲೋ ಶನಿವಾರ ನಿಮ್ಮ ತೋಟದ ಕೆಲಸಕ್ಕೇ ಹೊರಟಿದ್ದಾನಲ್ಲ, ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ಅತ್ತೆ ತಮ್ಮ ದ್ವೀಪದಿಂದ ಸಕ್ಕರೆ ಕಾಯಿಲೆ ತೋರಿಸಲು ಬಂದವರು ಮೂರು ವಾರದಿಂದ ನಮ್ಮಲ್ಲೇ ಇದ್ದಾರೆ. ಅವರ ಕಾಲಿನ ಹುಣ್ಣು ತೊಳೆದು ಬಟ್ಟೆ ಕಟ್ಟುವುದು ನನ್ನ ಕೆಲಸ. ಅದಕ್ಕೆ ನನಗೆ ಬೇಜಾರಿಲ್ಲ, ಕಟ್ಟುವಷ್ಟು ಹೊತ್ತೂ ಊರವರನ್ನೆಲ್ಲ ಆಡಿಕೊಂಡು ನನ್ನನ್ನು ನಗಿಸುತ್ತಾರೆ. ಆದರೆ ಕಳೆದ ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಾಗ, ನೆಲದ ಗುಂಡಿಯೊಲೆಯಿಂದ ತೆಗೆದ ಕೆಸುವಿನೆಲೆಯ ಗಂಟು ಬಿಚ್ಚುತ್ತಾ, ಉಪ್ಪು ಕೇಳಿದಷ್ಟು ಸಲೀಸಾಗಿ ಅಂದರು, "ಹೋಗೋವಾಗ ಹೆಪಿಸಿಪಾನ ಕರ್ಕೊಂಡ್ಹೋಗ್ತೀನಿ. ನನಗೂ ಒಂದು ಆಸರೆ ಬೇಡ್ವಾ?" ಅಮ್ಮ ಚಾಪೆ ನೋಡುತ್ತಾ "ಆಗ್ಲಿ" ಅಂದಳು. ನಾನೂ ತಲೆಯಾಡಿಸಿದೆ. ನೀವಿದ್ದಿದ್ದರೂ ಅಷ್ಟೇ. ಅಕ್ಕ ಒಳಗೆ ಬಂದರೆ ಮರ್ಯಾದೆಗೆ ಎದ್ದು ಹೊರಗೆ ಹೋಗುವವರು ನೀವು. ಅಪ್ಪನ ಅಕ್ಕ ಕೇಳಿದ್ದಕ್ಕೆ ಇಲ್ಲ ಅಂದವರು ನಮ್ಮಲ್ಲಿ ಯಾರಿದ್ದಾರೆ? ಚಾಪೆ ಕೇಳಿದರೆ ಚಾಪೆ, ಹಂದಿ ಕೇಳಿದರೆ ಹಂದಿ, ಹುಡುಗಿ ಕೇಳಿದರೆ ಹುಡುಗಿ. ಅವರ ದ್ವೀಪದಲ್ಲಿ ನನ್ನ ತರಗತಿಯೇ ಇಲ್ಲ ಅಪ್ಪಾ. ದೋಣಿ ಮುಂದಿನ ಶುಕ್ರವಾರ. ನನ್ನ ಪರೀಕ್ಷೆ ಅದರ ಮುಂದಿನ ಸೋಮವಾರ.

ಈ ಸಂಕಟ ಬಂದದ್ದೂ ಎಂಥ ಹೊತ್ತಿನಲ್ಲಿ! ಕಾಫೋವಾ ಮೇಷ್ಟ್ರು ವಿದ್ಯುತ್ತಿನ ಪಾಠ ಶುರುಮಾಡಿದ್ದಾರೆ. ಮೊದಲ ದಿನವೇ ನನ್ನ ಮಾನ ಹೋಯಿತು. ಕರೆಂಟ್ ತಂತಿಯ ಮೇಲೆ ಕೂತ ಹಕ್ಕಿ ಯಾಕೆ ಸಾಯುವುದಿಲ್ಲ ಎಂದು ಕೇಳಿದರು. ಅದರ ಕಾಲು ರಬ್ಬರಿನ ಹಾಗಿರುತ್ತದೆ ಸಾರ್ ಎಂದೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು, ಈಗ ನನ್ನ ಹೆಸರೇ ರಬ್ಬರ್ ಕಾಲು. ಮೇಷ್ಟ್ರು ಮಾತ್ರ ನಗಲಿಲ್ಲ. "ಎರಡೂ ಕಾಲು ಒಂದೇ ತಂತಿ ಮೇಲಿದೆ ಕಣಮ್ಮ. ಎರಡರ ಮಧ್ಯೆ ವ್ಯತ್ಯಾಸಾನೇ ಇಲ್ದಿದ್ರೆ ಕರೆಂಟ್ ಯಾಕೆ ಹರಿಯುತ್ತೆ?" ಅಂದರು. ವೋಲ್ಟೇಜ್ ಅಂದರೆ ತಂತಿಯೊಳಗೆ ತುಂಬಿಟ್ಟ ಏನೋ ಒಂದು ಎಂದೇ ನಾನು ತಿಳಿದಿದ್ದೆ. ಅದು ಎರಡು ಜಾಗಗಳ ನಡುವಿನ ವ್ಯತ್ಯಾಸ ಎಂಬುದು ಎಷ್ಟು ಬಡಿದುಕೊಂಡರೂ ತಲೆಗೆ ಹೋಗಲಿಲ್ಲ. ಮನೆಯಲ್ಲಿ ಎರಡು ಬಕೆಟ್ ಇಟ್ಟು, ಮಧ್ಯೆ ಪೈಪು ಹಾಕಿ ನೋಡು ಎಂದರು.

ಮಂಗಳವಾರ ಶಾಲೆಯಿಂದ ಬಂದವಳೇ ಮಳೆನೀರಿನ ತೊಟ್ಟಿಯಿಂದ ಎರಡು ಬಕೆಟ್ ತುಂಬಿ, ನಡುವೆ ನೀರು ತುಂಬಿದ ಪೈಪು ಇಳಿಬಿಟ್ಟೆ. ಏನೂ ಹರಿಯಲಿಲ್ಲ. ಚಾಪೆ ಹೆಣೆಯುತ್ತಿದ್ದ ಅತ್ತೆ, "ಕುಡಿಯೋ ನೀರು ಚೆಲ್ತಾ ಕೂತಿದೀಯಲ್ಲೇ, ಮಳೆ ಏನು ನಿಮ್ಮ ಮೇಷ್ಟ್ರು ಸುರಿಸ್ತಾರಾ?" ಎಂದರು. ಒಂದು ಬಕೆಟ್ಟಿನ ಕೆಳಗೆ ಇಟ್ಟಿಗೆ ಇಟ್ಟೆ. ನೀರು ಹರಿಯಿತು. ಇನ್ನೊಂದು ಇಟ್ಟಿಗೆ ಇಟ್ಟೆ, ಜೋರಾಗಿ ಹರಿಯಿತು. ಪೈಪನ್ನು ಬೆರಳಲ್ಲಿ ಅದುಮಿದೆ, ಸಣ್ಣಗಾಯಿತು. ಎತ್ತರದ ವ್ಯತ್ಯಾಸ ವೋಲ್ಟೇಜು, ಹರಿಯುವ ನೀರು ಕರೆಂಟು, ನನ್ನ ಬೆರಳು ರೆಸಿಸ್ಟೆನ್ಸು! ನಾನು ಕೂಗಿಯೇಬಿಟ್ಟೆ ಅಪ್ಪಾ. ಅತ್ತೆ ಹೆಣಿಗೆ ಬಿಟ್ಟು, ಕುಂಟುತ್ತಾ ಬಂದು, ತಾವೇ ಪೈಪು ಅದುಮಿ ನೋಡಿದರು. ಆಮೇಲೆ ಅಂದರು, "ಇದರಲ್ಲಿ ಓದೋಕೇನಿದೆ? ಮೇಲಿರೋರಿಂದ ಕೆಳಗಿರೋರಿಗೆ ಬರುತ್ತೆ, ನಮ್ಮನೆ ಹಾಗೇನೇ. ನಿನ್ನಷ್ಟೇ ಇದ್ದಾಗ ನಮ್ಮತ್ತೆ, ಅಪ್ಪನ ಅಕ್ಕ ತೆಲೇಸಿಯಾ, ಬಾ ಅಂದ್ಲು, ಪುಸ್ತಕ ಕಟ್ಟಿಟ್ಟು ಹೋದೆ. ಸತ್ತೋದ್ನಾ?" ನಗುತ್ತಲೇ ಅಂದರು. ಆದರೆ ನಿನ್ನೆ ಅಮ್ಮ ಮನೆಯಲ್ಲಿಲ್ಲದಾಗ, "ಆ ಬಕೆಟ್ಟಿನಾಟ ಇನ್ನೊಂದ್ಸಲ ತೋರ್ಸು" ಎಂದು ಮೆಲ್ಲಗೆ ಕೇಳಿದರು. ನನಗೆ ಅವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದೇ ಕಷ್ಟವಾಗಿದೆ.

ಅಮ್ಮ ದಿನಾ ನನ್ನ ಬಟ್ಟೆಗಳನ್ನು ಒಗೆದು ಮಡಚಿಡುತ್ತಾಳೆ. ವೈನಿಕೋಲೋ ಕೈಯಲ್ಲಿ ನಿಮಗೆ ಒಣಮೀನು ಕಳಿಸುತ್ತಿದ್ದಾಳೆ, ಕೋಣೆಯವರಿಗೂ ಕೊಡಿ. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳಿ. ನಿಮ್ಮ ಮೇಲೆ ದೇವರ ನೆರಳಿರಲಿ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿಕೊಳ್ಳುತ್ತೇನೆ.

ನಿಮ್ಮ ಮಗಳು,
ಹೆಪಿಸಿಪಾ

ಅಮ್ಮ ಈಗಷ್ಟೇ ಎದ್ದು ಹೋದಳು, ಬೇಗ ಬೇಗ ಇಷ್ಟು: ಅತ್ತೆಗೆ ಇಲ್ಲ ಅನ್ನಿ ಎಂದು ನಾನು ನಿಮ್ಮನ್ನು ಕೇಳುವುದಿಲ್ಲ. ನೀವು, ಅಮ್ಮ, ನಾನು ಮೂವರೂ ಕೆಳಗಿನ ಬಕೆಟ್ಟು, ನಮ್ಮಿಂದ ಏನೂ ಮೇಲಕ್ಕೆ ಹರಿಯುವುದಿಲ್ಲ. ಆದರೆ ಅತ್ತೆಗೂ ಒಬ್ಬ ಅತ್ತೆ ಇದ್ದಾರೆ. ತೆಲೇಸಿಯಾ ಅಜ್ಜಿ ಬ್ರಿಸ್ಬೇನಿನಲ್ಲೇ ಇದ್ದಾರಲ್ಲ, ಅವರ ಹತ್ತಿರ ಹೋಗಿ ಕೂತು ಕೇಳಿ. ಲೂಸಿಯಾನೆ ಪಂಗಾಯಿಯಲ್ಲೇ, ಆಸ್ಪತ್ರೆಯ ಹತ್ತಿರ, ತಮ್ಮನ ಮನೆಯಲ್ಲಿ ಇರಲಿ ಎಂದು ಅವರೊಂದು ಮಾತು ಹೇಳಿದರೆ ಸಾಕು. ಕಾಲು ನಾನು ಎಷ್ಟು ವರ್ಷವಾದರೂ ತೊಳೆಯುತ್ತೇನೆ, ಇಲ್ಲೇ. ಒಮ್ಮೆ ಪುಸ್ತಕ ಮುಚ್ಚಿಸಿದವರು ಇನ್ನೊಮ್ಮೆ ತೆರೆದಿಡಬಾರದೇ? ಮುಂದಿನ ಗುರುವಾರದೊಳಗೆ ಅವರಿಂದಲೇ ಫೋನ್ ಮಾಡಿಸಿ. ಬೇರೆ ಯಾರೂ ಎತ್ತುವುದಿಲ್ಲ ಅಪ್ಪಾ, ಫೋನು ಅತ್ತೆಯ ಮಡಿಲಲ್ಲೇ ಇರುತ್ತದೆ.