ಹನ್ನೊಂದನೇ ಪುಟದ ಕೊನೆಯ ನಾಲ್ಕು ಸಾಲು

ಭಾನುವಾರ, ಒಂಬತ್ತನೇ ತಾರೀಕು
ಪ್ರೆಸ್ಸಿನ ಹಿಂದಿನ ಕೋಣೆಯಿಂದ

ಪ್ರೀತಿಯ ಅಕ್ಕ,

ನಿನ್ನ ಮೂರು ಕಾಗದಗಳೂ ನನ್ನ ಮೇಜಿನ ಖಾನೆಯಲ್ಲಿ ಒಂದರ ಮೇಲೊಂದು ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ಮೊದಲೆರಡಕ್ಕೆ ಉತ್ತರ ಬರೆಯದಿದ್ದದ್ದು ಸೋಮಾರಿತನ. ಮೂರನೆಯದಕ್ಕೆ ಬರೆಯದಿದ್ದದ್ದು ಹೇಡಿತನ. ಬೈಯುವುದಿದ್ದರೆ ಅದಕ್ಕೆ ಬೈಯಿ, ಉಳಿದದ್ದನ್ನು ಹೊಟ್ಟೆಗೆ ಹಾಕಿಕೋ. ಮಗುವಿಗೆ ಹಲ್ಲು ಬಂತೆಂದು ಬರೆದಿದ್ದೆಯಲ್ಲ, ಅಮ್ಮ ಆ ಸಾಲನ್ನು ನನ್ನಿಂದ ನಾಲ್ಕು ಸಲ ಓದಿಸಿಕೊಂಡಳು. ನಾಲ್ಕನೆಯ ಸಲ, "ಕಚ್ಚುತ್ತಾ ಅಂತ ಬರೆದಿಲ್ವಾ?" ಎಂದು ಕೇಳಿದಳು. ಕಚ್ಚುತ್ತದೆಯೇ ಎಂದು ತಪ್ಪದೆ ತಿಳಿಸು.

ಅಪ್ಪನ ಗಂಟಲು ಹೇಗಿದೆ ಎಂದು ಕೇಳಿದ್ದೆ. ಅದನ್ನು ಬರೆಯಲೆಂದೇ ಇವತ್ತು ಪ್ರೆಸ್ಸಿನ ಬೀಗ ತೆಗೆಸಿಕೊಂಡು ಬಂದು ಕೂತಿದ್ದೇನೆ. ಮನೆಯಲ್ಲಿ ಬರೆದರೆ ಅಮ್ಮ ಹೆಗಲ ಮೇಲಿಂದ ಇಣುಕಿ, ಓದಿ ಹೇಳು ಎನ್ನುತ್ತಾಳೆ.

ಹೋದ ತಿಂಗಳು ದೊಡ್ಡಾಸ್ಪತ್ರೆಯಲ್ಲಿ ಅಪ್ಪನ ಬಾಯೊಳಗೆ ದೀಪದ ಕೊಳವೆ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯ ಒಂದು ಪಕ್ಕದಲ್ಲಿ ಮೆಣಸಿನ ಕಾಳಿನಷ್ಟು ಗಂಟು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಳ್ಳೆಯ ಗಂಟಲ್ಲ ಅಕ್ಕ. ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು: "ಈಗ ತೆಗೆದ್ರೆ ದನಿ ಸ್ವಲ್ಪ ಒಡೆಯುತ್ತೆ, ಮನುಷ್ಯ ಉಳೀತಾರೆ. ಮುಂದಿನ ತಿಂಗಳು ದಾಟಿಸಿದ್ರೆ ಪೆಟ್ಟಿಗೇನೇ ತೆಗೀಬೇಕಾಗುತ್ತೆ. ಅದನ್ನೂ ದಾಟಿಸಿದ್ರೆ ನನ್ನ ಕೈಲಿ ಏನೂ ಇರಲ್ಲ." ಇಪ್ಪತ್ತೆಂಟನೇ ತಾರೀಕಿಗೆ ಆಪರೇಶನ್ನಿಗೆ ಹೆಸರು ಬರೆದುಕೊಂಡಿದ್ದಾರೆ. ಅಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಾಕುತ್ತಿಲ್ಲ.

ಯಾಕೆ ಹಾಕುತ್ತಿಲ್ಲ ಎಂಬುದಕ್ಕೆ ಕಾರಣ ಒಂದು ಪುಸ್ತಿಕೆ. ಆ ಪುಸ್ತಿಕೆ ಮಾಡಿದವಳು ನಾನು.

ಪುಸ್ತಿಕೆ ಧೂಳಜ್ಜನ ಮಾತುಗಳದ್ದು. ಅವರು ನಿನಗೆ ಹೊಸಬರಲ್ಲ. ಬೇರೆ ಮಕ್ಕಳು ರಾಜರಾಣಿಯರ ಕಥೆ ಕೇಳಿ ನಿದ್ದೆ ಹೋದರೆ ನಾವಿಬ್ಬರು ಧೂಳಜ್ಜನ ಕಥೆ ಕೇಳಿ ನಿದ್ದೆ ಹೋದವರು. ಅವರು ಅಪ್ಪ ಕೆಲಸಕ್ಕಿದ್ದ ಕಲ್ಲು ಪಾಲಿಶ್ ಫ್ಯಾಕ್ಟರಿಗೆ ಗ್ರೀಸು ಸವರಿದ ಗಾಜಿನ ಬಿಲ್ಲೆಗಳನ್ನು ಹೊತ್ತುಕೊಂಡು ಬಂದದ್ದು, ಅವನ್ನು ಯಂತ್ರಗಳ ಮೇಲೆ ತೂಗುಬಿಟ್ಟು ಮೂರು ದಿನ ಧೂಳು ಹಿಡಿದದ್ದು, ಏಣಿ ಹಿಡಿಯಲು ಅಪ್ಪನನ್ನೇ ಆರಿಸಿಕೊಂಡದ್ದು. "ಇಲ್ಲಿ ಅಂಥ ಧೂಳೇನೂ ಇಲ್ಲ ಸಾರ್" ಎಂದ ಮ್ಯಾನೇಜರನ ಕರಿ ಕೋಟಿನ ಮೇಲೆ ಬೆರಳೆಳೆದು, "ಹೌದೌದು, ಇದು ಹುಟ್ಟಿನಿಂದಲೇ ಬಿಳಿ ಇರಬೇಕು" ಎಂದದ್ದು. ಅವರು ಬರೆದ ವರದಿಯಿಂದಾಗಿ ಧೂಳು ಅಡಗಿಸಲು ಯಂತ್ರಗಳಿಗೆ ನೀರಿನ ಪೈಪು ಬಂತು. ಜಗತ್ತು ಅವರನ್ನು ಮಹಾ ವಿಜ್ಞಾನಿ ಎಂದು ಕರೆದದ್ದು ಎಷ್ಟೋ ಆಮೇಲೆ. ನಮ್ಮ ಮನೆಯಲ್ಲಿ ಅವರು ಆವತ್ತೇ ದೊಡ್ಡವರಾಗಿದ್ದರು.

ಈಗ ಅವರಿಗೆ ಎಂಬತ್ತೇಳು. ಗ್ರಂಥಾಲಯದ ಮಹಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತಾಡುತ್ತಾರೆ. ನಾನು ಎರಡು ವರ್ಷ ಒಂದು ವಾರವೂ ತಪ್ಪಿಸದೆ ಹೋಗಿ ಬರೆದುಕೊಂಡಿದ್ದೇನೆ. "ಐವತ್ತು ವರ್ಷ ನಾನು ಧೂಳು ನೋಡಿದೆ, ನನ್ನ ಹೆಂಡತಿ ಐವತ್ತು ವರ್ಷ ಅದನ್ನ ಗುಡಿಸಿದಳು. ಇಬ್ಬರಲ್ಲಿ ಲೋಕಕ್ಕೆ ಯಾರಿಂದ ಉಪಕಾರ ಆಯ್ತು ಅಂತ ಬಹುಮಾನ ಕೊಟ್ಟೋರು ಯಾರೂ ಕೇಳಲಿಲ್ಲ." ಇನ್ನೊಮ್ಮೆ, "ಗೊತ್ತಿಲ್ಲ ಅನ್ನೋದು ನನ್ನ ಮನೆಯ ಮುಂದಿನ ಕೋಣೆ. ಬಂದೋರನ್ನೆಲ್ಲ ಮೊದಲು ಅಲ್ಲೇ ಕೂರಿಸ್ತೀನಿ. ಒಳಗಡೆ ಕೋಣೆ ತುಂಬಾ ಚಿಕ್ಕದು." ಕಾಲೇಜಿನ ಹುಡುಗನೊಬ್ಬ ಎದ್ದು ನಿಂತು, ಜೀವನದಲ್ಲಿ ಯಶಸ್ಸು ಪಡೆಯೋದು ಹೇಗೆ ಎಂದು ಕೇಳಿದ. "ನನ್ನನ್ನ ಯಾಕಪ್ಪ ಕೇಳ್ತೀಯ? ನಾನು ಹಿಡಿದಿದ್ದು ಬರೀ ಧೂಳು" ಎಂದರು. ಇಡೀ ಮಹಡಿ ನಕ್ಕಿತು. ಹುಡುಗ ಮಾತ್ರ ಅದನ್ನೂ ಬರೆದುಕೊಂಡ.

ಇವೆಲ್ಲ ಜನರಿಗೆ ಸಿಗಬೇಕು ಎಂದು ನಮ್ಮ ವಿಜ್ಞಾನ ಬಳಗದವರು ಹದಿನಾರು ಪುಟದ ಪುಸ್ತಿಕೆ ಮಾಡಿದೆವು. ಪುಟ ಕಟ್ಟುವ ಕೆಲಸ ನನ್ನದು. ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ. ಒಂದು ಸಾಲು ಹೆಚ್ಚಾಗುವಂತಿಲ್ಲ, ಕಡಿಮೆಯಾದರೂ ಚೆನ್ನಲ್ಲ. ಹನ್ನೊಂದನೇ ಪುಟದ ಕೊನೆಯಲ್ಲಿ ನಾಲ್ಕು ಸಾಲು ಖಾಲಿ ಬಿತ್ತು. ಪ್ರೆಸ್ಸಿನ ಯಜಮಾನರು ಬಾಗಿಲಲ್ಲಿ ನಿಂತು, "ಬಿಳಿ ಜಾಗ ಬಿಟ್ರೆ ಓದೋರು ಅಲ್ಲಿ ಫೋನ್ ನಂಬರ್ ಬರ್ಕೋತಾರೆ. ಏನಾದ್ರೂ ತುಂಬಮ್ಮ, ಅಚ್ಚಿನ ಪ್ಲೇಟು ಕಾಯ್ತಿದೆ" ಎಂದರು. ಖಾಲಿ ಜಾಗ ತುಂಬುವುದು ನಮ್ಮ ಕಸುಬಿನ ನಿತ್ಯದ ಕೆಲಸ. ಗಾದೆ ಹಾಕುತ್ತೇವೆ, ಕೈ ತೊಳೆಯಿರಿ ಎಂದು ಹಾಕುತ್ತೇವೆ. ನನ್ನ ನೋಟುಪುಸ್ತಕ ಮನೆಯಲ್ಲಿತ್ತು.

ಆ ವಾರವೇ ನಾನು ಆಸ್ಪತ್ರೆಗಳ ವ್ಯಾಪಾರದ ಬಗ್ಗೆ ಒಂದು ಕರಪತ್ರ ಓದಿ ಕುದಿಯುತ್ತಿದ್ದೆ. ಪಕ್ಕದ ಮನೆಯ ಹೊಲಿಗೆಯವಳಿಗೆ ಬರೀ ನೆಗಡಿಗೆ ಆರು ಪರೀಕ್ಷೆ ಮಾಡಿಸಿದ್ದರು. ಆ ಕೋಪ ಬೆರಳಿನಲ್ಲಿತ್ತು. ಹೀಗೆ ಬರೆದೆ:

ಭಯಪಟ್ಟು ವೈದ್ಯರ ಬಾಗಿಲಿಗೆ ಓಡುವವನಿಗೆ
ಕಾಯಿಲೆ ಒಂದಲ್ಲ, ಎರಡು.
ದೇಹಕ್ಕೆ ಸಮಯ ಕೊಡಿ.
ಅದು ನಿಮ್ಮ ವೈದ್ಯರಿಗಿಂತ ಹಳೆಯ ವಿಜ್ಞಾನಿ.

ಸರಿಯಾಗಿ ನಾಲ್ಕು ಸಾಲು. ಓದಿ ನನಗೇ ಮೆಚ್ಚುಗೆಯಾಯಿತು. ಅಜ್ಜ ಹೇಳಬಹುದಾಗಿದ್ದ ಮಾತು ಎಂದುಕೊಂಡೆ. ಹೇಳಬಹುದಾಗಿದ್ದದ್ದಕ್ಕೂ ಹೇಳಿದ್ದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ.

ಪುಸ್ತಿಕೆಯಲ್ಲಿ ಅಜ್ಜನ ನಿಜವಾದ ಮಾತು ಅರವತ್ತಿದ್ದವು. ಜನ ಹಿಡಿದುಕೊಂಡದ್ದು ಇದೊಂದನ್ನು. ಕ್ಷೌರದಂಗಡಿಯ ಕನ್ನಡಿಗೆ ಅಂಟಿಸಿದರು. ಬಸ್ಸಿನ ಹಿಂದೆ ಬರೆಸಿದರು. ಯಾವುದೋ ಔಷಧದ ಪುಡಿ ಮಾರುವವನು ಪೊಟ್ಟಣದ ಮೇಲೆ ಅಜ್ಜನ ಚಿತ್ರದ ಸಮೇತ ಅಚ್ಚು ಹಾಕಿಸಿದ. ತಾಯತ ಕಟ್ಟುವವರ ವಿರುದ್ಧ ಬೀದಿ ಬೀದಿಯಲ್ಲಿ ಕರಪತ್ರ ಹಂಚಿದವಳು ನಾನು. ಈಗ ಊರಿಗೆಲ್ಲ ಒಂದೇ ತಾಯತ ಕಟ್ಟಿಬಿಟ್ಟಿದ್ದೇನೆ. ಅಪ್ಪನಂತೂ ಆ ಪುಟವನ್ನು ಕತ್ತರಿಸಿ ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಆಸ್ಪತ್ರೆಯಿಂದ ಬಂದ ದಿನ ಅದರ ಕಡೆ ಬೆರಳು ತೋರಿಸಿ, "ದೊಡ್ಡವರು ಹೇಳಿದ್ದಾರಲ್ಲ. ಸಮಯ ಕೊಡ್ತೀನಿ" ಎಂದರು. ಅಮ್ಮ, "ಆ ಡಾಕ್ಟರಮ್ಮನೂ ಓದಿದೋಳೇ" ಎಂದಳು. "ಓದಿದೋಳು. ಇವರು ಕಂಡೋರು" ಎಂದು ಗೋಡೆ ಕಡೆ ಹೊರಳಿದರು.

ಹೋದ ಭಾನುವಾರ ಮಾತು ಮುಗಿದ ಮೇಲೆ ನಾನು ಅಜ್ಜನ ಹಿಂದೆಯೇ ಅವರ ಮನೆಗೆ ಹೋದೆ. ಅವರು ಕಿಟಕಿಯ ಹತ್ತಿರ ಕೂತು ಚಪ್ಪಲಿ ಬಿಚ್ಚುತ್ತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಓ, ಅದು ನಿಂದಾ?" ಎಂದರು. "ಪುಡಿ ಪೊಟ್ಟಣದ ಮೇಲೆ ಓದಿದೆ. ನಾನು ಯಾವಾಗ ಇಷ್ಟು ಜಾಣ ಆದೆ ಅಂತ ಯೋಚನೆ ಮಾಡ್ತಿದ್ದೆ."

"ನನ್ನಿಂದ ತಪ್ಪಾಯ್ತು ಅಜ್ಜ."

"ತಪ್ಪು ನಾನೂ ಮಾಡಿದ್ದೀನಮ್ಮ. ಹನ್ನೊಂದು ವರ್ಷ ಸುಳ್ಳು ತಕ್ಕಡೀಲಿ ಧೂಳು ತೂಗಿದೆ. ಆದರೆ ಇನ್ನೊಬ್ಬ ಬಂದು ತೂಗಿ ನೋಡಿ ಹಿಡಿದುಹಾಕಿದ. ನಿನ್ನ ತಪ್ಪು ಚೆನ್ನಾಗಿದೆ, ಅದೇ ತೊಂದರೆ. ಚೆನ್ನಾಗಿರೋ ಸುಳ್ಳನ್ನ ಯಾರೂ ತಕ್ಕಡಿಗೆ ಹಾಕಲ್ಲ." ಬಿಚ್ಚಿದ ಚಪ್ಪಲಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿ, "ಧೂಳು ನೋಡೋನ ಮಾತು ಕೇಳಿ ಗಂಟಲು ಬಿಟ್ಟುಕೊಡೋದು ಅಂದ್ರೇನು? ನನ್ನ ಮಂಡಿ ನೋವಿಗೆ ನಾನೇ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗ್ತೀನಿ" ಎಂದರು. ಆಮೇಲೆ ಕಾಗದ ತರಿಸಿ, ಈ ಮಾತು ನನ್ನದಲ್ಲ, ವೈದ್ಯರು ಹೇಳಿದಂತೆ ದಯವಿಟ್ಟು ಮಾಡಿ ಎಂದು ಅಪ್ಪನಿಗೆ ಎರಡು ಸಾಲು ಬರೆದು ಸಹಿ ಹಾಕಿದರು. ನಾನು ಬೀದಿಯುದ್ದಕ್ಕೂ ಓಡಿಕೊಂಡು ಬಂದೆ.

ಅಪ್ಪ ಕಾಗದವನ್ನು ಎರಡು ಸಲ ಓದಿದರು. ಕಣ್ಣಿಗೆ ಒತ್ತಿಕೊಂಡರು. "ನೋಡಿದ್ಯಾ? ತುಂಬಿದ ಕೊಡ ತುಳುಕಲ್ಲ. ಇಷ್ಟು ಒಳ್ಳೇ ಮಾತನ್ನೂ ನಂದಲ್ಲ ಅಂತಾರೆ" ಎಂದು ಅದನ್ನೂ ಗೋಡೆಗೆ ಅಂಟಿಸಿಕೊಂಡರು. ಅಕ್ಕ, ಸತ್ಯ ಕೈಯಲ್ಲಿದ್ದರೆ ಸಾಕು, ಜನ ಒಪ್ಪುತ್ತಾರೆ ಎಂದು ನಾನು ನಂಬಿದ್ದೆ. ಸತ್ಯ, ಸಹಿ, ತಾರೀಕು ಮೂರೂ ಕೈಯಲ್ಲಿದ್ದವು. ಅಂಟು ಒಣಗುವವರೆಗೆ ನಾನು ನೋಡುತ್ತಾ ನಿಂತಿದ್ದೆ.

ಶುಕ್ರವಾರ ಸಂಜೆ ಅಮ್ಮನ ಎದುರಿಗೇ ಹೇಳಿಬಿಟ್ಟೆ: "ಅಪ್ಪ, ಅದನ್ನ ಬರೆದೋಳು ನಾನು." ಅಪ್ಪ ನನ್ನನ್ನೇ ನೋಡಿದರು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು. "ನಿನಗೆ ನಾಲ್ಕು ಸಾಲಿಗೆ ನಿಲ್ಲಿಸೋಕೆ ಬರುತ್ತಾ? ನೀನು ಬರೆದಿದ್ರೆ ನಾಲ್ಕು ಪುಟ ಆಗ್ತಿತ್ತು." ಅಮ್ಮನೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮೇಲೆ ಸಿಟ್ಟಾಗಬೇಕೋ ಬೇಡವೋ ಎಂದು ಅವಳಿಗೂ ತಿಳಿಯಲಿಲ್ಲ. ಒಪ್ಪಿಗೆ ಪತ್ರ ರೇಡಿಯೋದ ಕೆಳಗೆ ಹಾಗೇ ಇದೆ.

ಬಳಗದವರ ಹತ್ತಿರ ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ ಹಂಚೋಣ ಎಂದೆ. ನಮ್ಮ ಕಾರ್ಯದರ್ಶಿ, "ಒಂದು ಮಾತು ಸುಳ್ಳು ಅಂದ್ರೆ ಉಳಿದ ಅರವತ್ತನ್ನೂ ಯಾರು ನಂಬ್ತಾರೆ?" ಎಂದರು. ಜಗಳವಾಡಿದೆ. ಕೊನೆಗೆ ಯಾರನ್ನೂ ಕೇಳದೆ ನಾನೇ ಇನ್ನೂರು ಚೀಟಿ ಅಚ್ಚು ಹಾಕಿ ಹಂಚಿದೆ. ಕ್ಷೌರದವನು ಚೀಟಿ ಓದಿ, "ಯಾರೋ ಆಗದವರು ದೊಡ್ಡ ಮನುಷ್ಯರ ಹೆಸರು ಕೆಡಿಸ್ತಿದ್ದಾರೆ" ಎಂದು ನನ್ನ ಎದುರಿಗೇ ಮುದುರಿ ಎಸೆದ.

ನೀನು ಬಾ ಅಕ್ಕ. ಶಾಲೆಯಲ್ಲಿ ರಜೆ ಕೇಳು, ಕೊಡದಿದ್ದರೆ ಜಗಳವಾಡು. ನಾನು ಹುಟ್ಟಿದಾಗಿನಿಂದ ನನ್ನ ಮಾತು ಅಪ್ಪನಿಗೆ ಭಾಷಣ. ನಿನ್ನ ಮಾತನ್ನು ಅವರು ಎಂದೂ ತಳ್ಳಿಹಾಕಿಲ್ಲ. ಭಾವನಿಗೆ ನನ್ನ ನಮಸ್ಕಾರ. ಮಗು ಹಲ್ಲು ಗಟ್ಟಿ ಮಾಡಿಕೊಂಡು, ಪ್ರಶ್ನೆ ಕೇಳುವ ಬಾಯಿಯಾಗಿ ಬೆಳೆಯಲಿ ಎಂದು ಹಾರೈಸುತ್ತೇನೆ.

ಇಂತಿ,
ನೀನೇ ಹೆಸರಿಟ್ಟ
ಭಾಷಣ

ಇನ್ನೊಂದು ಹಾಳೆ:

ಇದನ್ನು ಮರೆತು ಆಮೇಲೆ ಸೇರಿಸಿದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಬಂದರೆ ಮೇಲಿನದನ್ನೆಲ್ಲ ಅಪ್ಪನ ಮುಂದೆ ಗಟ್ಟಿಯಾಗಿ ಓದಬಹುದು. ಈ ಹಾಳೆಯನ್ನು ಮಾತ್ರ ಅಲ್ಲೇ ಸುಟ್ಟು ಬಾ.

ಶುಕ್ರವಾರ ಅಮ್ಮ ನೀರು ಹಿಡಿಯಲು ಹೊರಗೆ ಹೋದ ಮೇಲೆ ಅಪ್ಪ ನನ್ನನ್ನು ಮಂಚದ ಹತ್ತಿರ ಕರೆದರು. ಅವರ ದನಿ ಈಗ ಕಾಗದಕ್ಕೆ ಕಾಗದ ಉಜ್ಜಿದ ಹಾಗೆ ಬರುತ್ತದೆ.

"ಅದು ನಿಂದೇ ಅಂತ ಮೊದಲ ದಿನವೇ ಗೊತ್ತಾಯ್ತು" ಎಂದರು. "ಆ ಮನುಷ್ಯನ ಜೊತೆ ಮೂರು ದಿನ ಇದ್ದೆನಲ್ಲ. ಯಾರಿಗೂ ಹೀಗೆ ಮಾಡಿ ಅಂತ ಹೇಳಿದೋರಲ್ಲ. ನೋಡಿ ಅಂತಿದ್ರು, ಅಷ್ಟೆ."

"ಮತ್ತೆ ಯಾಕಪ್ಪ?"

"ಭಯ ಕಣೇ. ಗಂಟಲಿಗೆ ಕತ್ತರಿ ಹಾಕ್ತಾರೆ. ಭಯ ಅಂದ್ರೆ ನೀವೆಲ್ಲ ಸೇರಿ ಎತ್ಕೊಂಡು ಹೋಗಿ ಮಲಗಿಸ್ತೀರಿ. ನಿನ್ನ ಮಾತಿನ ಹಿಂದೆ ನಿಂತ್ಕೊಂಡ್ರೆ ನೀನು ನನ್ನನ್ನ ಆಸ್ಪತ್ರೆಗೆ ಎಳೆಯಲ್ಲ, ನಿನಗೆ ಎಳೆಯೋ ಮುಖ ಇರಲ್ಲ ಅಂತ ಗೊತ್ತು. ಯಾರಿಗೂ ಹೇಳಬೇಡ. ಅಕ್ಕನಿಗಂತೂ ಬೇಡ."

ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಭಯಪಟ್ಟವನಿಗೆ ಎರಡು ಕಾಯಿಲೆ ಎಂದು ಬರೆದವಳು ನಾನು. ಅವರು ದಿನವೂ ಎದ್ದ ಕೂಡಲೇ ಓದುವ ಮೊದಲ ಸಾಲು ಅದು.

ಬಂದಾಗ ಅವರ ಭಯದ ವಿಷಯ ತಿಳಿಯದವಳ ಹಾಗೆ ಇರು. ಅವರು ಅದನ್ನು ಧೂಳಜ್ಜನ ಮಾತು ಎಂದರೆ ಹಾಗೆಂದೇ ಅವರ ಜೊತೆ ವಾದ ಮಾಡು. ವಾದ ಮಾಡುವಾಗ ಕೈ ಹಿಡಿದುಕೊಂಡಿರು. ನಾನು ಹಿಡಿದರೆ ಬಿಡಿಸಿಕೊಳ್ಳುತ್ತಾರೆ.